ಎರಡು ಬೆರಳು ಕಂದು

ಫೆಬ್ರವರಿ 9, ಬೆಳಗ್ಗೆ 9.40

...ಹಾಂ, ರೆಕಾರ್ಡಿಂಗ್ ಆನ್ ಆಗಿದೆ. ಟೀಚರಮ್ಮನ ಕ್ಲಾಸ್ ಮುಗೀತು. ರಿಟೈರ್ ಆದಮೇಲೆ ಡ್ರೈವಿಂಗ್ ಕಲಿಯೋ ಹುಕಿ ಅವರಿಗೆ. ರಿವರ್ಸ್ ಅಂದರೆ ಇವತ್ತೂ ಮುಂದಕ್ಕೇ ಹೋದರು. ಕಲಿಸೋ ನನ್ನ ಕಾಲ ಹತ್ತಿರಾನೂ ಒಂದು ಬ್ರೇಕ್ ಇದೆ, ಅದಕ್ಕೇ ಈ ಬೀದಿ ಇನ್ನೂ ಉಳಿದಿದೆ.

ಕಾರು ಹತ್ತಿದವರೇ ನನ್ನ ಮುಖ ನೋಡಿ, "ಏನ್ ಸಾರ್, ಮನೇಲಿ ಸುಣ್ಣ ಹೊಡೀತಿದ್ರಾ?" ಅಂದರು.

ಸನ್‌ಸ್ಕ್ರೀನ್ ಅಂದೆ.

"ನಿಮಗಾ!" ಅಂತ ನಕ್ಕರು.

ನಿಮಗಾ. ಕಪ್ಪಗಿರೋನಿಗೆ ಬಿಸಿಲು ಏನು ಮಾಡೀತು, ಅಲ್ವಾ? ಜೀವನವಿಡೀ ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟ ಬಾಯಿ ಅದು. ಆ ಮಕ್ಕಳ ಗತಿ ನೆನೆಸಿಕೊಂಡೆ.

ನನಗಲ್ಲ, ಮಗಳಿಗೆ. ಅವರಿಗೆ ಹೇಳೋಕೆ ಹೋಗಲಿಲ್ಲ. ಲೂಪಸ್. ದೇಹ ತನ್ನ ಜೊತೆ ತಾನೇ ಜಗಳಕ್ಕೆ ಬೀಳೋ ಕಾಯಿಲೆ. ಬಿಸಿಲು ತಾಗಿದರೆ ಸಾಕು — ಕೆನ್ನೆ ಮೇಲೆ ದದ್ದು, ಕೀಲು ನೋವು, ಜ್ವರ. ಮಹಾರಾಯಿತಿ ಹಟ ಹಿಡಿದು ಸೇರಿರೋ ಕೆಲಸ ಯಾವುದು? ಸರ್ವೆ. ಹೊಸ ರಸ್ತೆಗೆ ನೆಲ ಅಳೆಯೋದು. ಬೆಳಗಾದರೆ ಬಟ್ಟಬಯಲು.

ಡಾಕ್ಟರಮ್ಮ ಬೇಡ ಅನ್ನಲಿಲ್ಲ. ಮಾತ್ರೆ, ಟೋಪಿ, ತುಂಬುತೋಳು, ಸನ್‌ಸ್ಕ್ರೀನ್ — ಇಷ್ಟು ಪಾಲಿಸಿದರೆ ಹೋಗು ಅಂದರು. ಮಾಮೂಲಿ ಕ್ರೀಮ್ ಅವಳಿಗೆ ಉರಿ. ಅದಕ್ಕೆ ಮಿನರಲ್. ಒಳಗಿರೋದು ಸತುವಿನ ಪುಡಿ, ಅಪ್ಪಟ ಬಿಳಿ. ನನ್ನದೂ ಅವಳದೂ ಒಂದೇ ಡಬ್ಬಿಯ ಮೈಬಣ್ಣ. ಮೊದಲು ನನ್ನ ಮುಖಕ್ಕೆ ಹಚ್ಚಿ ನೋಡೋಣ, ನಗೋರು ನನ್ನ ನೋಡಿ ನಗಲಿ ಅಂತ ಹಚ್ಚಿಕೊಂಡು ಬಂದೆ. ನಕ್ಕರು. ಸಿಗ್ನಲ್‌ನಲ್ಲಿ ಪಕ್ಕದ ಬಸ್ಸಿನವನೂ ನಕ್ಕ. ಬಿಳಿ ಕ್ಯಾನ್ಸಲ್. ಬಣ್ಣ ಬೆರೆಸಿದ್ದು ಬೇಕು, ಟಿಂಟೆಡ್.

ಈ ಭಾಷಣ ಎಲ್ಲ ಫೋನಿಗೆ ಹೇಳ್ಕೊಳ್ಳಿ, ನನ್ನ ಕಿವಿ ಉಳೀಲಿ ಅಂತ ಹೆಂಡತಿಯ ಅಪ್ಪಣೆ. ಸರಿ. ಫೋನ್ ಮಧ್ಯೆ ಬಾಯಿ ಹಾಕಲ್ಲ.

ಫೆಬ್ರವರಿ 11, ಸಂಜೆ

ಭಾವಮೈದನ ಅಂಗಡಿಗೆ ಮಗಳನ್ನ ಕರಕೊಂಡು ಹೋಗಿದ್ದೆ. ಬೋರ್ಡಿನಲ್ಲಿ ಮೆಡಿಕಲ್ ಸ್ಟೋರ್. ಒಳಗೆ ಮಾತ್ರೆ ಒಂದು ಮೂಲೆ, ಉಳಿದದ್ದೆಲ್ಲ ಬೆಳ್ಳಗಾಗೋ ಸಾಮಾನು.

"ಭಾವ, ಯೂನಿವರ್ಸಲ್ ಟಿಂಟ್ ಬಂದಿದೆ. ಎಲ್ಲರಿಗೂ ಸೂಟ್ ಆಗುತ್ತೆ" ಅಂತ ನನ್ನ ಕೈಮೇಲೆ ಬಳಿದ.

ಗುಲಾಬಿ. ಹಂದಿಮರಿ ಗುಲಾಬಿ. ಎಲ್ಲರಿಗೂ ಅಂತೆ! ಆ ಎಲ್ಲರನ್ನ ಎಣಿಸಿದವನು ಯಾವ ಊರಲ್ಲಿ ಕೂತಿದ್ದನೋ. ನಮ್ಮನ್ನ ಬಿಟ್ಟೇ ಎಣಿಸಿದ್ದಾನೆ.

ಇನ್ನೊಂದು ಕಂಪನಿಯದ್ದು ನಾಲ್ಕು ಟ್ಯೂಬ್. ಲೈಟ್, ಮೀಡಿಯಂ, ಡೀಪ್, ರಿಚ್. ಲೈಟ್ — ದೆವ್ವಗಳಿಗೆ. ಮೀಡಿಯಂ — ದೆವ್ವದ ನೆಂಟರಿಗೆ. ಡೀಪ್ ಒಂದು ಚುಕ್ಕೆ ಮಣಿಕಟ್ಟಿಗೆ ಹಾಕಿ ತಿಕ್ಕಿದೆ. ಮಾಯ. ಎಲ್ಲಿ ಹಚ್ಚಿದ್ದೆ ಅಂತಲೇ ಗೊತ್ತಾಗಲಿಲ್ಲ. ರಿಚ್ ಮುಚ್ಚಳಾನೂ ತೆಗೆದೆ. ಬೂಟ್ ಪಾಲಿಶ್! ಇದು ಯಾರಿಗಯ್ಯಾ ಅಂತ ವಾಪಸ್ ಇಟ್ಟೆ. ಡೀಪ್ ಕಟ್ಟಿಸಿದೆ. ಮಗಳು ಬೀರುವಿನ ಗಾಜಿನಲ್ಲಿ ಮುಖ ನೋಡಿಕೊಳ್ಳುತ್ತಾ ನಿಂತಿದ್ದಳು.

ಹೊರಡುವಾಗ ಭಾವಮೈದ ದನಿ ಇಳಿಸಿ, "ಜೊತೆಗೊಂದು ಬ್ರೈಟನಿಂಗ್ ಸೀರಮ್ ಹಾಕ್ಲಾ ಭಾವ? ಹುಡುಗಿಗೆ ಮುಂದೆ ಅನುಕೂಲ" ಅಂದ.

ಬಾಯಿಗೆ ಬಂದದ್ದನ್ನ ನುಂಗಿಕೊಂಡೆ. "ನಿನ್ನ ತಲೆಗೆ ಹಾಕ್ಕೋ, ಒಳಗಡೆ ತುಂಬಾ ಕತ್ತಲೆ ಇದೆ" ಅಂದೆ. ಅಂದರೆ... ಪೂರ್ತಿ ನುಂಗಲಿಲ್ಲ.

ಮಾರ್ಚ್ 2, ಮಧ್ಯಾಹ್ನ

ಎಲ್ಲ ಸುಸೂತ್ರ. ಸಂಜೆ ಬಂದವಳು ಊಟದ ಮುಂದೆ ಕೂತು ಬರೀ ಸೈಟಿನ ಮಾತು. ಮೂರು ಕಾಲಿನ ಮೇಲೆ ಯಂತ್ರ ಇಟ್ಟು ಒಂದು ಕಣ್ಣು ಮುಚ್ಚಿ ನೋಡಬೇಕಂತೆ. ಇವತ್ತು ಅವಳು ನಿಂತ ಜಾಗ ಮುಂದೆ ರಸ್ತೆಯ ತಿರುವು. "ನಿಮ್ಮ ಶಿಷ್ಯರೆಲ್ಲ ಬಂದು ಗುದ್ದೋದು ಅಲ್ಲೇ ಅಪ್ಪಾ" ಅಂದಳು. ಬಾಯಿ ನನ್ನದೇ.

ಬಾತ್‌ರೂಮಿನಲ್ಲಿ ಟ್ಯೂಬ್ ನೋಡಿದೆ. ಇನ್ನೂ ತುಂಬಿಕೊಂಡೇ ಇದೆ. ಎಷ್ಟು ಬಾಳಿಕೆ ಬರುತ್ತೆ ನೋಡು, ಆರಿಸೋಕೂ ಕಣ್ಣು ಬೇಕು ಅಂತ ಹೆಂಡತಿಗೆ ಕೊಚ್ಚಿಕೊಂಡೆ. ಟಿವಿ ಜಾಹೀರಾತು ನೋಡಿ ಮುಖಕ್ಕೆ ಮೆತ್ತಿಕೊಳ್ಳೋ ಜನ ನನ್ನ ಹತ್ತಿರ ಟ್ಯೂಷನ್‌ಗೆ ಬರಬೇಕು.

ಏಪ್ರಿಲ್ 17, ಆಸ್ಪತ್ರೆ ಕಾರಿಡಾರ್

ಮೆಲ್ಲಗೆ ಮಾತಾಡ್ತಿದ್ದೇನೆ. ನರ್ಸ್ ಆಗಲೇ ಒಂದು ಸಲ ಗದರಿದಳು.

ಮಗಳ ಜ್ವರ ಇಳಿದಿದೆ. ಬೆರಳು ಮಡಚೋಕೆ ಆಗ್ತಿಲ್ಲ. ಕೆನ್ನೆ ಎರಡೂ... ಬೇಡ.

ಡಾಕ್ಟರಮ್ಮ ಟ್ಯೂಬ್ ತನ್ನಿ ಅಂದಿದ್ದರು. ತಂದುಕೊಟ್ಟೆ. ಹಿಂದೆ ಮುಂದೆ ತಿರುಗಿಸಿ, "ಇದು ಎರಡನೇದೋ ಮೂರನೇದೋ?" ಅಂದರು.

ಇದೇ ಮೊದಲನೇದು ಮೇಡಂ. ಇನ್ನೂ ಅರ್ಧ ಇದೆ — ಜಂಬದಿಂದಲೇ ಹೇಳಿದೆ.

ಅವರು ನನ್ನ ಮುಖ ನೋಡಿದ ರೀತಿ! ಲೈಸೆನ್ಸ್ ಟೆಸ್ಟಿನಲ್ಲಿ ಗೋಡೆಗೆ ಗುದ್ದಿ, ಗೋಡೆ ಯಾಕೆ ಇಲ್ಲಿತ್ತು ಅಂತ ಕೇಳೋರನ್ನ ನಾನು ಹಾಗೆ ನೋಡ್ತೀನಿ. ತೋರುಬೆರಳು, ನಡುಬೆರಳು — ಎರಡರ ಉದ್ದಕ್ಕೂ ಗೆರೆ ಎಳೆದು, ಅಷ್ಟನ್ನೂ ಮುಖ ಕುತ್ತಿಗೆಗೆ ಹಚ್ಚಬೇಕಂತೆ. ಎರಡು ಗಂಟೆಗೊಮ್ಮೆ ಮತ್ತೆ. "ಹಾಗೆ ಹಚ್ಚಿದ್ರೆ ಇದು ಒಂದು ತಿಂಗಳೂ ಬರಬಾರದು. ಇವಳು ಹಚ್ಚೇ ಇಲ್ಲ" ಅಂದರು.

ಕಿಡ್ನಿಗೆ ಇನ್ನೂ ತಾಗಿಲ್ಲ. ಮನೆಗೆ ಹೋದ ಮೇಲೆ ಮೂರು ವಾರ ರಜೆ. ಆಮೇಲೆ ಒಂದು ಅವಕಾಶ. ಮತ್ತೆ ಹೀಗೇ ಆದರೆ ಬಯಲಿನ ಕೆಲಸ ಬಿಡಬೇಕು, ಮಾತಿಲ್ಲ ಅಂದರು.

ಮಗಳು ಗೋಡೆ ಕಡೆ ಮುಖ ತಿರುಗಿಸಿಕೊಂಡಳು.

ಏಪ್ರಿಲ್ 18, ಬೆಳಗ್ಗೆ

ಕೇಳಿದೆ. ಯಾಕೆ ಹಚ್ಚಲಿಲ್ಲ?

"ಹಚ್ತಿದ್ದೆ. ಚೂರು."

"ಚೂರು ಯಾಕೆ?"

"ಪೂರ್ತಿ ಹಚ್ಚಿದ್ರೆ ಬೂದಿ ಬಣ್ಣ ಬರುತ್ತೆ ಅಪ್ಪ. ಮೊದಲೆರಡು ದಿನ ಹಚ್ಕೊಂಡೇ ಹೋದೆ. ಬೂದಿ ಮೇಡಂ ಬಂದ್ರು ಅಂತ ಸೈಟಲ್ಲಿ ಶುರು ಮಾಡಿದ್ರು. ಆಮೇಲೆ ಕಾಣದೇ ಇರೋ ಅಷ್ಟು ಮಾತ್ರ."

"ಮಧ್ಯಾಹ್ನ?"

"ಅವರೆಲ್ಲರ ಎದುರಿಗಾ!"

ಯಾರು ಆ 'ಅವರು'? ಅವಳ ಚೀಫ್ ಅನ್ನೋ ಮಹಾಶಯ, ಅವನ ಬಾಲ ಹಿಡಿದ ನಾಲ್ಕು ಜನ. ನೆಲ ಏರಿದ್ದು ಇಳಿದದ್ದು ಕೂದಲೆಳೆಯಷ್ಟು ಗೊತ್ತಾಗುತ್ತೆ, ಎದುರಿಗಿರೋ ಹುಡುಗಿ ಮುಖ ಇಳಿದದ್ದು ಗೊತ್ತಾಗಲ್ಲ. ಮುಠ್ಠಾಳರು.

ಆ ಡೀಪ್ ತಗೊಂಡು ನಾನೂ ಎರಡು ಬೆರಳು ಹಚ್ಚಿ ಕನ್ನಡಿ ನೋಡಿದೆ. ನಿಜ. ಒಲೆಯಿಂದ ಎದ್ದು ಬಂದ ಬೆಕ್ಕಿನ ಥರ ಕಂಡೆ. ಅಂಗಡಿಯಲ್ಲಿ ಒಂದು ಚುಕ್ಕೆ ಹಾಕಿ ತಿಕ್ಕಿದರೆ ಯಾವ ಬಣ್ಣವಾದರೂ ಮಾಯವಾಗುತ್ತೆ. ಯಾರು ಹಾಗೆ ತಿಕ್ಕಿ ಆರಿಸಿದ್ದು ಅಂತ ಹೆಂಡತಿ ಕೇಳಲಿಲ್ಲ. ಕೇಳಿದ್ದಿದ್ದರೆ ವಾಸಿ ಇತ್ತು.

ಏಪ್ರಿಲ್ 22, ಸಂಜೆ, ಕಾರು

ಇವತ್ತು ಕ್ಲಾಸ್ ರದ್ದು ಮಾಡಿ ಮೂರು ಅಂಗಡಿ ಸುತ್ತಿದೆ. ಮೊದಲನೇದರಲ್ಲಿ 'ಸ್ಯಾಂಡ್'. ಯಾವ ಸಮುದ್ರದ ಮರಳೋ! ಎರಡನೇದರಲ್ಲಿ 'ಟ್ಯಾನ್' — ಕಿತ್ತಳೆ. ಹಚ್ಚಿಕೊಂಡರೆ ರಸ್ತೆ ರಿಪೇರಿಗೆ ಅಡ್ಡ ಇಡೋ ಪ್ಲಾಸ್ಟಿಕ್ ಕಂಬ ಆಗ್ತೀನಿ. ಡಬ್ಬಿ ಮೇಲೆ ನಗೋ ಹುಡುಗಿ ಮಾತ್ರ ಎಲ್ಲದರ ಮೇಲೂ ಒಬ್ಬಳೇ, ಹಾಲಿನಂಥವಳು.

ಮೂರನೇದರಲ್ಲಿ ಕನ್ನಡಿ ಇತ್ತು. ಎರಡು ಬೆರಳಿನ ಉದ್ದ ಹಿಂಡಿ ಮುಖಕ್ಕೆ ಹಚ್ಚಿದೆ. ಸೇಲ್ಸ್ ಹುಡುಗಿ ಓಡಿ ಬಂದಳು. ಮುಖ ಒಂದು ಬಣ್ಣ, ಕುತ್ತಿಗೆ ಒಂದು ಬಣ್ಣ — ಕುತ್ತಿಗೆ ನಮ್ಮ ಕಡೆಯದು.

"ಅಂಕಲ್, ಅಷ್ಟೊಂದು ಹಾಕ್ಬಾರ್ದು. ಚೂರೇ ಚೂರು ಹಾಕಿ ಬ್ಲೆಂಡ್ ಮಾಡ್ಬೇಕು."

"ಚೂರು ಹಾಕಿದ್ರೆ ಬಿಸಿಲು ತಡೆಯುತ್ತೇನಮ್ಮ?"

"ತಡೆಯುತ್ತೋ ಇಲ್ವೋ, ನೋಡೋಕೆ ನ್ಯಾಚುರಲ್ ಆಗಿರುತ್ತೆ."

ಎಂಥ ವ್ಯಾಪಾರ! ಡಾಕ್ಟರ್ ಹೇಳಿದಷ್ಟು ಹಚ್ಚಿದರೆ ಬಣ್ಣ ಕೆಡುತ್ತೆ. ಬಣ್ಣ ಕೆಡದಷ್ಟು ಹಚ್ಚಿದರೆ ಮಗಳು ಹಾಸಿಗೆ ಹಿಡೀತಾಳೆ. ಹೆಂಡತಿಯ ಕಂದು ಮೇಕಪ್ ಬೆರೆಸಿದರೆ ಹೇಗೆ ಅಂತ ಡಾಕ್ಟರಮ್ಮನಿಗೆ ಫೋನ್ ಮಾಡಿದೆ. ಬೆರೆಸಿದರೆ ಎಷ್ಟು ತಡೆಯುತ್ತೆ ಅಂತ ಲೆಕ್ಕವೇ ಸಿಗಲ್ಲ, ಅಡುಗೆ ಪ್ರಯೋಗ ಬೇಡ ಅಂತ ಇಟ್ಟುಬಿಟ್ಟರು.

ಏಪ್ರಿಲ್ 25, ಮಧ್ಯಾಹ್ನ

ಮಗಳ ಮಂಚದ ಪಕ್ಕ ಕುರ್ಚಿ ಹಾಕಿಕೊಂಡು ಬೈತಾ ಇದ್ದೆ. ಕಂಪನಿಗಳಿಗೆ, ಚೀಫ್‌ಗೆ, ಭಾವಮೈದನಿಗೆ, ಡಬ್ಬಿ ಮೇಲಿನ ಹುಡುಗಿಗೆ. ನಮ್ಮ ಬಣ್ಣದ್ದೊಂದು ಟ್ಯೂಬ್ ಮಾಡೋ ಗಂಡಸು ಈ ಭೂಮಿ ಮೇಲೆ ಹುಟ್ಟೇ ಇಲ್ವಾ ಅಂದೆ.

"ಮಾಡಿದಾನೆ" ಅಂದಳು.

"ಎಲ್ಲಿ?"

"ಮಾಮನ ಅಂಗಡೀಲಿ. ನಾಲ್ಕನೇದು. ನೀವು ಮುಚ್ಚಳ ತೆಗೆದು ನೋಡಿ, ಇದು ಯಾರಿಗಯ್ಯಾ ಅಂದ್ರಲ್ಲ, ಅದು."

"ಅದು ಬೂಟ್ ಪಾಲಿಶ್ ಕಣೇ!"

"ಟ್ಯೂಬಲ್ಲಿ ಹಾಗೆ ಕಾಣುತ್ತೆ. ಸತು ಮೇಲಿಂದ ಬೆಳ್ಳಗೆ ಮಾಡುತ್ತಲ್ಲ, ಅದಕ್ಕೇ ಒಂದು ಹೆಜ್ಜೆ ಜಾಸ್ತಿ ಕಪ್ಪು ಹಾಕಿರ್ತಾರೆ. ಆವತ್ತೇ ಅನ್ನಿಸಿತ್ತು."

"ಮತ್ತೆ ಬಾಯಿ ಬಿಡೋಕೇನಾಗಿತ್ತು?"

"ಅಪ್ಪನಿಗೆ ನಾನು ಅಷ್ಟು ಕಪ್ಪಲ್ಲ ಅನ್ನೋದೇ ಇಷ್ಟ ಅನ್ಕೊಂಡೆ."

ಬಾಗಿಲ ಹತ್ತಿರ ಹೆಂಡತಿ ಟವೆಲ್ ಮಡಚುತ್ತಿದ್ದಳು. ನನ್ನ ಕಡೆ ನೋಡಲೂ ಇಲ್ಲ. "ಊರಿಗೆಲ್ಲಾ ಬೈದಾಯ್ತಲ್ಲ, ಇನ್ನೊಬ್ಬರು ಉಳಿದಿದಾರೆ, ಶುರು ಮಾಡಿ" ಅಂದಳು.

ಕಾರಿನ ಕೀ ತಗೊಂಡು ಹೊರಟೆ. ಚಪ್ಪಲಿ ಅದಲು ಬದಲು ಹಾಕಿಕೊಂಡದ್ದು ಗೇಟಿನಲ್ಲಿ ಗೊತ್ತಾಯಿತು.

ಏಪ್ರಿಲ್ 25, ಸಂಜೆ

ರಿಚ್ ಇನ್ನೂ ಅಲ್ಲೇ ಇತ್ತು. ಧೂಳು ಹೊದ್ದುಕೊಂಡು.

"ಇದನ್ನ ಯಾರೂ ಒಯ್ಯಲ್ಲ ಭಾವ" ಅಂದ ಭಾವಮೈದ. "ಬರೋರೆಲ್ಲಾ ಮುಚ್ಚಳ ತೆಗೀತಾರೆ, ವಾಪಸ್ ಇಡ್ತಾರೆ. ನಿಮಗಿಂತ ಕಪ್ಪಗಿರೋರೂ ಡೀಪೇ ಒಯ್ಯೋದು. ಕಂಪನಿಗೆ ವಾಪಸ್ ಕಳಿಸೋಣ ಅಂತಿದ್ದೆ."

ಅವನಿಗೆ ಏನಾದರೂ ಅನ್ನಬೇಕಿತ್ತು. ಬಾಯಿ ಸಿದ್ಧವಾಗಿಯೇ ಇತ್ತು. ಇದ್ದದ್ದನ್ನೆಲ್ಲ ಕೊಡು ಅಂದೆ.

ಏಪ್ರಿಲ್ 26, ಬೆಳಗ್ಗೆ 9.50

ಎರಡು ಬೆರಳು, ಅಳತೆಗೆ ಸರಿಯಾಗಿ, ನನ್ನ ಮುಖಕ್ಕೆ. ಹಚ್ಚುವಾಗ ಕೆಸರಿಗೆ ಬಿದ್ದವನ ಹಾಗೆ ಕಂಡೆ. ಶೇವಿಂಗ್ ಸಾಮಾನು ಎತ್ತಿಟ್ಟು ತಿರುಗೋ ಹೊತ್ತಿಗೆ ಕನ್ನಡಿಯಲ್ಲಿ ನಾನೇ ಇದ್ದೆ. ನಾನು. ಬೂದಿ ಇಲ್ಲ, ಕಿತ್ತಳೆ ಇಲ್ಲ, ಹಂದಿಮರಿ ಇಲ್ಲ.

ಟೀಚರಮ್ಮ ಕಾರು ಹತ್ತಿ ಬೆಲ್ಟ್ ಹಾಕಿಕೊಂಡು ನನ್ನನ್ನೇ ನೋಡಿದರು. "ಏನ್ ಸಾರ್, ಇವತ್ತು ಏನೂ ಹಚ್ಚಿಲ್ವಾ?"

ಹಚ್ಚಿಲ್ಲ ಅಂದೆ. ನನ್ನ ಜೀವಮಾನದಲ್ಲಿ ಅವರ ಬಾಯಿಂದ ಬಂದ ಒಳ್ಳೆಯ ಮಾತು ಅದೊಂದೇ.

ಮೇ 13, ಬೆಳಗ್ಗೆ 11.50, ಸೈಟ್ ಎದುರು

ಬೇಹುಗಾರಿಕೆ ಅಲ್ಲ ಇದು. ಟೀಚರಮ್ಮನಿಗೆ ಹೊಸ ರಸ್ತೆಯ ಅಭ್ಯಾಸ ಬೇಕಿತ್ತು. ಬಂದೆವು, ನಿಂತೆವು. ಸ್ಟೇರಿಂಗ್ ಹಿಂದಿನಿಂದ ಅವರೂ ಇಣುಕುತ್ತಿದ್ದಾರೆ. ಇಡೀ ಕಥೆ ಕೇಳಿದ ಮೇಲೆ ನನಗಿಂತ ಅವರಿಗೇ ಆತುರ.

ರಜೆ ಮುಗಿದು ಮೊದಲ ದಿನ. ಬೆಳಗ್ಗೆ ಮನೆಯಲ್ಲಿ ಹಚ್ಚಿಕೊಂಡಳು, ಪೂರ್ತಿ, ಅದು ನೋಡಿದೆ. ಮನೆಯಲ್ಲಿ ಯಾರು ಬೇಕಾದರೂ ಹಚ್ಚುತ್ತಾರೆ. ಈಗಿನದ್ದು ಮುಖ್ಯ. ಹಚ್ಚಿ ಎರಡು ಗಂಟೆ ಆಗ್ತಾ ಬಂತು. ಬಯಲು. ಐದು ಜನ ಗಂಡಸರು. ಅಳತೆಯ ಕಂಬ ಹಿಡಿದು ನಿಂತಿದ್ದಾಳೆ, ಟೋಪಿ ಇದೆ, ತುಂಬುತೋಳು ಇದೆ.

"ಬ್ಯಾಗ್ ಹತ್ರ ಹೋದ್ಲು ಸಾರ್."

ಕಾಣ್ತಿದೆ ಟೀಚರಮ್ಮ, ಕಣ್ಣಿದೆ ನನಗೂ.

ಬಾಟಲಿ ತೆಗೆದಳು. ನೀರು. ನೀರು ಕುಡಿದು... ಅಷ್ಟೇನಾ? ಚೀಫ್ ಮಹಾಶಯ ಹತ್ತಿರಾನೇ ನಿಂತಿದ್ದಾನೆ, ಹೊಟ್ಟೆ ಮುಂದೆ ಮಾಡಿಕೊಂಡು. ಮತ್ತೆ ಕೈ ಹಾಕಿದಳು. ಟ್ಯೂಬ್. ಟ್ಯೂಬ್ ತೆಗೆದಳು! ಅವನು ಏನೋ ಅಂದ. ಉಳಿದವರು ನಗ್ತಿದ್ದಾರೆ. ಕತ್ತೆಗಳು... ಇವಳು ತಲೆ ಎತ್ತಿ ಅವನಿಗೇನೋ ಉತ್ತರ ಕೊಟ್ಟಳು. ಉದ್ದದ ಉತ್ತರ. ನನ್ನ ಬಾಯಿ ಅಂದೆನಲ್ಲ. ಅವನು ಆ ಕಡೆ ತಿರುಗಿದ. ನಗು ನಿಂತಿತು.

ಹಿಂಡ್ತಿದ್ದಾಳೆ. ತೋರುಬೆರಳು... ತುದಿವರೆಗೆ. ಇನ್ನೊಂದು. ಇನ್ನೊಂದು ಬೆರಳು ಹಾಕು ಮಗಳೇ, ಅರ್ಧಕ್ಕೆ ನಿಲ್ಲಿಸಬೇಡ... ಇದೇನು, ಕೈ ಕೆಳಗಿಳಿಸಿಬಿಟ್ಟಳು? ಈ ಕಡೆ ನೋಡ್ತಿದ್ದಾಳೆ.

"ನೋಡಿಬಿಟ್ಲು ಸಾರ್! ರಿವರ್ಸ್ ಹಾಕ್ಲಾ?"

ಬೇಡ! ಮುಟ್ಟಬೇಡಿ ಅದನ್ನ! ರಸ್ತೆ ದಾಟಿ ಬರ್ತಿದ್ದಾಳೆ. ಬಲಗೈ ಮೇಲೆತ್ತಿದ್ದಾಳೆ, ನನಗೆ ಕಾಣೋ ಹಾಗೆ, ಎಲ್ಲರಿಗೂ ಕಾಣೋ ಹಾಗೆ. ಎರಡು ಬೆರಳು. ಎರಡೂ ಬುಡದಿಂದ ತುದಿವರೆಗೆ ಕಂದು, ಕಡುಗಂದು, ಬೂಟ್ ಪಾಲಿಶ್... ಕಿಟಕಿ ಇಳಿಸಿ ಅಂತಿದ್ದಾಳೆ, ಆಫ್ ಮಾಡ್ತೀನಿ, ಆಫ್ ಎಲ್ಲಿದೆ ಇದರದ್ದು —

"ಅಪ್ಪಾ, ನೀವು ಹಚ್ಕೊಂಡಿದೀರಾ ಇವತ್ತು? ಮುಖ ತೋರ್ಸಿ, ಈ ಕಡೆ ತಿರುಗಿ, ಕಿಟಕಿ ಕಡೆ ಕೆನ್ನೆ —"