ಅವ್ವನ ಗುರುತು ಹಿಡಿಯದ ಹಾಳೆಗನ್ನಡಿ

ಗುಳೇದಗುಡ್ಡ
ಕಾರ್ತಿಕ ಶುದ್ಧ ಪಂಚಮಿ, ಕ್ರಿ.ಶ. ೨೧೮೯

ಮಹಾನಂದಾ ಆಯಿಗೆ, ನಿನ್ನ ಆರನೇ ತಲೆಮಾರಿನ ಸುಗಲಾ ಮಾಡುವ ನಮಸ್ಕಾರಗಳು.

ಮೇಲಿನ ಇಸವಿ ನೋಡಿ ಯಾರೋ ಚೇಷ್ಟೆ ಮಾಡಿದ್ದಾರೆಂದು ಕಾಗದವನ್ನು ಮಡಚಿಡಬೇಡ. ಇದು ನಿನಗೆ ಹೇಗೆ ತಲುಪುತ್ತದೆಂದು ನನಗೂ ಪೂರ್ತಿ ಗೊತ್ತಿಲ್ಲ. ತಲುಪಿಸುತ್ತೇನೆಂದು ಒಪ್ಪಿಕೊಂಡವನ ಮೇಲೂ ನನಗೆ ಅರೆಬರೆ ನಂಬಿಕೆ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸು. ನಿನ್ನ ಕಾಲದಲ್ಲಿಲ್ಲದ ಶಬ್ದಗಳು ಬಂದಲ್ಲಿ ಬಿಡಿಸಿ ಹೇಳುತ್ತೇನೆ. ‘ನೀನು’ ಎಂದು ಬರೆಯುವುದಕ್ಕೆ ಮಾತ್ರ ಕ್ಷಮೆ ಕೇಳುವುದಿಲ್ಲ, ನಮ್ಮ ಮನೆಯಲ್ಲಿ ಆಯಿಗೆ ಯಾರೂ ಬಹುವಚನ ಹಚ್ಚಿದವರಲ್ಲ. ಪೆನ್ಸಿಲ್ಲಿನಲ್ಲಿ ಬರೆಯುತ್ತಿದ್ದೇನೆ. ಇದು ಅದರ ಕಣ್ಣಿಗೆ ಬೀಳಬಾರದೆಂದು ಹಾಳೆಗನ್ನಡಿಯನ್ನು ಜೋಳದ ಡಬ್ಬಿಗೆ ಹಾಕಿ ಮುಚ್ಚಳ ಬಿಗಿದು, ಮೇಲೆ ಒರಳುಗುಂಡು ಇಟ್ಟಿದ್ದೇನೆ.

ಹಾಳೆಗನ್ನಡಿ ಎಂದರೆ ಈ ವಾರ ನಿನ್ನ ಮಗ ನಿನಗೆ ತಂದುಕೊಟ್ಟ ಟ್ಯಾಬ್ಲೆಟ್ಟಿನ ಮರಿಮಗಳು. ಮಗ್ಗದ ಪಕ್ಕದ ಮೇಜಿನ ಮೇಲಿರುವ ಕಂಪ್ಯೂಟರನ್ನು ಇನ್ನು ಗುಜರಿಗೆ ಹಾಕೋಣವೆಂದು ಅವನು ಹೇಳಿದ್ದೂ, ನೀನು ಹೂಂ ಎಂದದ್ದೂ ನಮ್ಮ ಮನೆಯಲ್ಲಿ ಬಾಯಿಂದ ಬಾಯಿಗೆ ಬಂದಿದೆ. ಅದೇ ಕಂಪ್ಯೂಟರಿನಲ್ಲಿ ನೀನು ಕುಪ್ಪಸದ ಖಣದ ನಮೂನೆಗಳನ್ನು ಚೌಕಕ್ಕೆ ಚೌಕ ಕೂಡಿಸಿ ಬರೆದವಳು. ಅದು ಮುನಿಸಿಕೊಂಡು ನಿಂತಾಗ ನಾಲ್ಕು ತಿರುಪು ಬಿಚ್ಚಿ, ಒಳಗಿನ ಪಟ್ಟಿಯೊಂದನ್ನು ಕಿತ್ತು, ಶಾಲೆಯ ರಬ್ಬರಿನಿಂದ ತಿಕ್ಕಿ ಮತ್ತೆ ಕೂರಿಸುತ್ತಿದ್ದೆಯಂತೆ. ನಾವು ಅದನ್ನು ತಿರುಪುಪೆಟ್ಟಿಗೆ ಎನ್ನುತ್ತೇವೆ. ನಾನು ಒಂದನ್ನೂ ಕಣ್ಣಾರೆ ಕಂಡಿಲ್ಲ.

ನಮ್ಮ ಹಾಳೆಗನ್ನಡಿಗೆ ತಿರುಪಿಲ್ಲ, ತೂತಿಲ್ಲ, ಗುಂಡಿಯೂ ಇಲ್ಲ. ಬೆರಳಾಡಿಸಿದರೆ ಸಾಕು, ಮಗುವೂ ನಡೆಸೀತು. ಸುಲಭವೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಬೆಳಿಗ್ಗೆ ನಾವು ಏಳುವ ಮೊದಲೇ ಅದು ಎದ್ದು ಮಗ್ಗಕ್ಕೆ ನಮೂನೆ ಕೊಟ್ಟಿರುತ್ತದೆ. ನೀರು ಯಾವಾಗ ಬರುತ್ತದೆ, ಮಗ್ಗದ ಹಾಸುನೂಲಿನಲ್ಲಿ ಎಷ್ಟು ಎಳೆ ಕಡಿದಿದೆ, ಅವ್ವ ಮಾತ್ರೆ ನುಂಗಿದಳೋ ಇಲ್ಲವೋ, ಎಲ್ಲ ಅದಕ್ಕೆ ಗೊತ್ತು. ಆದರೆ ನಮೂನೆ ಎಲ್ಲಿದೆ ಎಂದು ಕೇಳಿದರೆ ಉತ್ತರವಿಲ್ಲ. ನಿನ್ನ ಪೆಟ್ಟಿಗೆಯಲ್ಲಿ ಅದಕ್ಕೊಂದು ಹೆಸರು, ಒಂದು ಜಾಗ ಇತ್ತು. ಬೇಕಾದರೆ ಇನ್ನೊಂದು ಪ್ರತಿ ತೆಗೆದು ಟ್ರಂಕಿನಲ್ಲಿ ಇಡಬಹುದಿತ್ತು. ಹಾಳೆಗನ್ನಡಿ ನಮಗೆ ತೋರಿಸುವುದಷ್ಟೇ, ಕೈಗೆ ಕೊಡುವುದಿಲ್ಲ. ಪ್ರತಿದಿನ ಮೊದಲು ಮುಖಸಾಕ್ಷಿ ಕೊಡಬೇಕು, ಅಂದರೆ ಅದರ ಕಣ್ಣಿಗೆ ಮುಖವೊಡ್ಡಿ ನಾನು ನಾನೇ ಎಂದು ಒಪ್ಪಿಸಬೇಕು. ಹೋದ ವರ್ಷ ನಾವು ಇನ್ನೂ ನೇಯದ ಗೆಜ್ಜೆಸಾಲಿನ ನಮೂನೆ ಬೇರೆ ಊರಿನ ಖಣದಲ್ಲಿ ಕಾಣಿಸಿಕೊಂಡಿತು. ಹಾಳೆಗನ್ನಡಿ ಕೊಡುವ ಕಚೇರಿಯವರು ಆಕಸ್ಮಿಕ ಎಂದರು. ನಾನು ನಂಬಲಿಲ್ಲ, ಈಗಲೂ ನಂಬುವುದಿಲ್ಲ.

ಈಗ ನಡೆದದ್ದನ್ನು ಹೇಳುತ್ತೇನೆ. ಖಂಡೇಪೂಜೆಯ ದಿನ ಮನೆಯಲ್ಲಿ ದುಡಿಯುವ ವಸ್ತುಗಳಿಗೆಲ್ಲ ವಿಭೂತಿ, ಕುಂಕುಮ ಹಚ್ಚುವುದನ್ನು ನಾವು ಬಿಟ್ಟಿಲ್ಲ. ನೀನು ಪೆಟ್ಟಿಗೆಯ ನೆತ್ತಿಗೆ ಹಚ್ಚುತ್ತಿದ್ದೆ, ಅದಕ್ಕೆ ಏನೂ ಆಗುತ್ತಿರಲಿಲ್ಲ. ನಮ್ಮವ್ವ ಮೈನಾ ನಲವತ್ತು ವರ್ಷ ಹಾಳೆಗನ್ನಡಿಯ ಹಣೆಗೆ ಹಚ್ಚಿದಳು. ಹಳೆಯದರ ಕಣ್ಣು ಮೂಲೆಯಲ್ಲಿತ್ತು, ಹಾಗಾಗಿ ನಡೆದುಹೋಯಿತು. ಈ ಶ್ರಾವಣದಲ್ಲಿ ಬಂದ ಹೊಸದರ ಕಣ್ಣು ನಟ್ಟನಡುವೆ ಹಣೆಯಲ್ಲಿದೆ. ಅವ್ವ ಅದರ ಮೇಲೆಯೇ ಮೂರು ಬೆರಳು ವಿಭೂತಿ ಎಳೆದು ಕುಂಕುಮವಿಟ್ಟಳು. ಯಾರೋ ಕಣ್ಣು ಕಟ್ಟುತ್ತಿದ್ದಾರೆಂದು ಅದು ತಿಳಿದುಕೊಂಡಿತು, ಮುಖಸಾಕ್ಷಿ ಕೇಳಿತು. ಅವ್ವನ ಹಣೆಯ ತುಂಬ ವಿಭೂತಿ. ಈಕೆ ಯಾರೋ ಬೇರೆ ಎಂದಿತು. ಅವ್ವ ಗಾಬರಿಯಾಗಿ ಸೆರಗಿನಿಂದ ಅದರ ಹಣೆ ಒರೆಸಿದಳು, ತನ್ನದನ್ನೂ ಒರೆಸಿದಳು. “ಏ, ನಾನ ಅದೀನಿ, ಮೈನಾ. ಸರಿಯಾಗಿ ನೋಡು” ಎಂದು ಅದಕ್ಕೆ ಹೇಳಿಕೊಂಡಳು. ಅಳುವ ಮುಖವನ್ನು ಅದು ಮೊದಲು ಕಂಡಿರಲಿಲ್ಲವೇನೋ, ಮೂರನೇ ಸಲವೂ ಅಲ್ಲ ಎಂದು ಶಾಶ್ವತವಾಗಿ ಮುಚ್ಚಿಕೊಂಡಿತು.

ಒಳಗೆ ಅವ್ವ ತಾನೇ ಕಟ್ಟಿದ ಮುನ್ನೂರು ನಮೂನೆಗಳಿದ್ದವು. ಅವಳ ಬದುಕಿನ ದುಡಿಮೆಯೆಲ್ಲ ಅಷ್ಟೇ, ಆಯಿ. ಹಾಳೆಗನ್ನಡಿಗೆ ಬೀಗ ಹಾಕುವ ಅದೇ ಕಚೇರಿಗೆ ಏಳು ಸಲ ಹೋದೆವು. ಬಹಳ ಮರ್ಯಾದೆಯಿಂದ ಮಾತಾಡುತ್ತಾರೆ. ಮುಚ್ಚಿದ್ದು ನಿಮ್ಮ ರಕ್ಷಣೆಗಾಗಿಯೇ ಎಂದು, ಅವ್ವನಿಂದ ಅವ್ವನನ್ನು ಕಾಪಾಡಿದವರಂತೆ ಹೇಳುತ್ತಾರೆ. ನನಗೆ ಮೈ ಉರಿಯಿತು. ನಿನ್ನ ಪೆಟ್ಟಿಗೆಯೂ ಕೆಡುತ್ತಿತ್ತು, ಹುಳ ಹತ್ತಿ ಒಂದೊಂದು ಸಲ ಎಲ್ಲ ನುಂಗುತ್ತಿತ್ತು ಎಂದು ಕೇಳಿದ್ದೇನೆ. ಕೆಡುವುದು ಬೇರೆ, ನೀನು ಯಾರು ಎಂದು ಕೇಳುವುದು ಬೇರೆ. ಕೆಟ್ಟದ್ದನ್ನು ಬಿಚ್ಚಿ ನೋಡಬಹುದಿತ್ತು.

ನಿನ್ನಲ್ಲಿ ಬೇಡುವುದು ಇಷ್ಟು. ಟ್ಯಾಬ್ಲೆಟ್ ಇಟ್ಟುಕೋ, ಮಗನ ಮನಸ್ಸು ನೋಯಿಸಬೇಡ. ಆದರೆ ಪೆಟ್ಟಿಗೆಯನ್ನು ಕೊಡಬೇಡ, ಮತ್ತು ಮನೆಯಲ್ಲಿ ಒಂದು ರೂಢಿ ಹಾಕು. ಖಂಡೇಪೂಜೆಯ ದಿನ ಕಾಯಿ ಒಡೆಯುವ ಮೊದಲು, ಆ ವರ್ಷ ಬರೆದ ನಮೂನೆಗಳನ್ನೆಲ್ಲ ತಿರುಪು ಇರುವ ಒಂದು ಪೆಟ್ಟಿಗೆಗೆ ಇಳಿಸಬೇಕು. ಪೆಟ್ಟಿಗೆ ಹಳತಾದರೆ ತಿರುಪು ಇರುವ ಇನ್ನೊಂದನ್ನು ಹುಡುಕಬೇಕು. ಇದು ಹಿಂದಿನಿಂದ ಬಂದ ಶಾಸ್ತ್ರ ಎಂದುಬಿಡು, ಕಾರಣ ಹೇಳಲು ಹೋಗಬೇಡ. ಕಾರಣ ಹೇಳಿದರೆ ನಮ್ಮ ಮನೆಯವರು ವಾದಕ್ಕೆ ಇಳಿಯುತ್ತಾರೆ, ಶಾಸ್ತ್ರವೆಂದರೆ ಸುಮ್ಮನೆ ಮಾಡುತ್ತಾರೆ. ನಿನ್ನ ಸಾಮಾನು ಒಂದೂ ನಮ್ಮ ತನಕ ಉಳಿಯಲಿಲ್ಲ, ನೀನು ವಿಭೂತಿ ಹಚ್ಚಿದ ರೀತಿ ಮಾತ್ರ ಮೂರು ಬೆರಳಿನ ಸಮೇತ ಬಂದಿದೆ. ಇದೂ ಬಂದೀತು.

ತಡ ಮಾಡಬೇಡ. ಅವ್ವನಿಗೆ ಎಪ್ಪತ್ತನಾಲ್ಕು. ಹೋದ ವಾರ ಕಾಗದಕ್ಕೆ ಕೈಯಿಂದ ಚೌಕ ಗೆರೆ ಎಳೆದು, ನೆನಪಿನಿಂದ ಒಂದು ನಮೂನೆ ಬರೆಯಲು ಕೂತಳು. ಜೋಡಿ ಗುಬ್ಬಿ, ನನ್ನ ಮದುವೆಗೆಂದು ಕಟ್ಟಿದ್ದು. ಮುಗಿಯಲು ಮೂರು ದಿನ ಹಿಡಿಯಿತು. ಗುಬ್ಬಿಗಳು ಎದುರುಬದುರು ನೋಡಬೇಕಿತ್ತು, ಬೆನ್ನು ಮಾಡಿ ಕೂತಿದ್ದವು. “ಸರಿ ಬಂತಲ್ಲ?” ಎಂದು ಕೇಳಿದಳು. ಹೂಂ ಅವ್ವ, ಹೀಗೇ ಇತ್ತು ಎಂದೆ.

ಇಂತಿ ನಿನ್ನ
ಸುಗಲಾ