ತಗಡಿನ ಒಳಬದಿ

ಡ್ರಾಯಿಂಗ್ ಆಫೀಸು, ರೈಲ್ವೆ ಕಾರ್ಖಾನೆ,
ಮಾರ್ಚ್ ೧೧, ಊಟದ ಬಿಡುವು

ಪ್ರೀತಿಯ ಅಪ್ಪಾ,

ಮಂಡಿನೋವು ಹೇಗಿದೆ? ತಮ್ಮನ ಮನೆಯ ಮೆಟ್ಟಿಲುಗಳನ್ನು ದೂರಿ ಬರೆದದ್ದು ಓದಿ ನಗು ಬಂತು. ಒಂದೊಂದರ ಎತ್ತರ ಅಳೆದು ನಕ್ಷೆ ಬೇರೆ ಕಳಿಸಿದ್ದೀರಿ. ಅವನು ಮೆಟ್ಟಿಲು ಒಡೆಸುವವನಲ್ಲ, ನೀವೇ ಕೋಲು ಹಿಡಿಯಿರಿ.

ನೀವು ನಕ್ಷೆ ಬರೆದು ಕಟ್ಟಿಸಿದ ಉಗಿ ಎಂಜಿನ್‌ಗಳ ಸುದ್ದಿ ಅಲ್ಲಿಗೂ ಮುಟ್ಟಿರಬೇಕು. ಮೂವತ್ತನ್ನೂ ಬಿಚ್ಚಿ ಮತ್ತೆ ಕಟ್ಟುತ್ತಿದ್ದೇವೆ. ಬಾಯ್ಲರ್ ನಿಮ್ಮದೇ ಇರುತ್ತದೆ. ಅದನ್ನು ಮುಟ್ಟುವ ಧೈರ್ಯ ಯಾರಿಗೂ ಇಲ್ಲ, ಅಗತ್ಯವೂ ಇಲ್ಲ. ಮೇಲಿನ ನುಣುಪಾದ ಹೊದಿಕೆ ಹೋಯಿತು. ಹೊಟ್ಟೆಯಡಿಯ ಎಣ್ಣೆಪೆಟ್ಟಿಗೆಯೂ ಹೋಗುತ್ತದೆ. ಕವಾಟಗಳನ್ನು ನಡೆಸುವ ಸರಪಳಿಯನ್ನು ಅದರೊಳಗೆ ಮುಚ್ಚಿಟ್ಟರೆ ಹತ್ತು ವರ್ಷ ಯಾರೂ ಕೈ ಹಾಕಬೇಕಿಲ್ಲ ಎಂದಿದ್ದಿರಿ. ನಾನು ಆ ಕೆಲಸವನ್ನೆಲ್ಲ ಗಾಲಿಗಳ ಹೊರಗಿನ ಸರಳುಗಳಿಗೆ ವಹಿಸಿದ್ದೇನೆ. “ಈಗ ಮೈಕೈ ಕಾಣ್ತದೆ ನೋಡಿ, ಎಲ್ಲಿ ನೋವು ಅಂತ ಕೇಳ್ಬಹುದು” ಎಂದ ಉದ್ದಣ್ಣ.

ಉದ್ದಣ್ಣ ನೆನಪಿರಬೇಕು. ಹದಿನಾರು ವರ್ಷದ ಹಿಂದೆ ಮೊದಲ ಎಂಜಿನ್ನಿನಿಂದ ಸೋರಿದ ಎಣ್ಣೆಗೆ ಬೆಂಕಿ ಹತ್ತಿತಲ್ಲ, ಆ ಪೆಟ್ಟಿಗೆ ಜೋಡಿಸಿದ ಫಿಟ್ಟರ್. ‘ಜೋಡಣೆಯಲ್ಲಿ ಅಜಾಗರೂಕತೆ’ ಎಂದು ನೀವು ವರದಿ ಬರೆದಿರಿ. ಅಂದಿನಿಂದ ಫಿಟ್ಟರ್ ಕೆಲಸ ಹೋಗಿ, ಎಂಜಿನ್‌ಗಳ ಬೂದಿ ಎತ್ತುತ್ತಿದ್ದಾನೆ. ಆ ಪೆಟ್ಟಿಗೆಯ ಬೋಲ್ಟುಗಳ ಗುಟ್ಟು ಬಲ್ಲವನು ಬೇರೆ ಯಾರೂ ಉಳಿದಿಲ್ಲವಾದ್ದರಿಂದ ಮೊನ್ನೆ ಅದೇ ಎಂಜಿನ್ ಬಿಚ್ಚಲು ಅವನನ್ನೇ ಕರೆಸಿದೆ. ಪೆಟ್ಟಿಗೆಯ ತಗಡಿನ ಒಳಬದಿಯ ಜಿಡ್ಡು ಒರೆಸಿದಾಗ, ಮೂಲೆಯ ಬೆಸುಗೆಯ ಪಕ್ಕದಲ್ಲಿ ಮೊನಚು ಕಡ್ಡಿಯಿಂದ ಗೀರಿದ ಬರಹ: ‘ಇಲ್ಲಿ ಜಿನುಗುತ್ತದೆ.’ ಕೆಳಗೆ ತಾರೀಖು, ಎಂಜಿನ್ ಕಾರ್ಖಾನೆಯಿಂದ ಹೊರಬೀಳುವುದಕ್ಕೆ ಎಂಟು ದಿನ ಮೊದಲಿನದು. ಚಿಕ್ಕಂದಿನಲ್ಲಿ ನೀವು ನನ್ನ ಕಾಪಿಪುಸ್ತಕ ತಿದ್ದಿದ ಅಕ್ಷರ ಅದು.

ಉದ್ದಣ್ಣನೂ ಓದಿದ. ಬಹಳ ಹೊತ್ತು ಓದಿದ. ಆಮೇಲೆ, “ನಂಗೆ ಕಣ್ಣಿಗೆ ಪೊರೆ ಬಂದಿದೆಯಮ್ಮಾ, ಏನೂ ಕಾಣ್ಸಲ್ಲ. ಅರ ಹಾಕಿ ಉಜ್ಜಿಬಿಡ್ಲಾ?” ಎಂದ.

ಇಲ್ಲಿ ಬಿಸಿಲು ಜೋರಾಗಿದೆ. ತಮ್ಮನಿಗೂ ಅವನ ಹೆಂಡತಿಗೂ ನನ್ನ ನೆನಪು ಹೇಳಿ. ಇಳಿಯುವಾಗ ಕೋಲು ಮರೆಯಬೇಡಿ.

ನಿಮ್ಮ
ಮಗಳು

ತಾ.ಕ.: ಟಪಾಲಿನವನು ಬಾಗಿಲಲ್ಲಿ ನಿಂತಿದ್ದಾನೆ. ಉಜ್ಜುವುದು ಬೇಡ ಎಂದೆ. ಆ ತಗಡು ನನ್ನ ಮೇಜಿನ ಕೆಳಗಿದೆ. ಇಪ್ಪತ್ತನೇ ತಾರೀಖಿಗೆ ನನ್ನ ವರದಿ ಮೇಲಕ್ಕೆ ಹೋಗಬೇಕು. ‘ಹಳೆಯ ದೋಷಕ್ಕೆ ಕಾರಣ’ ಎಂಬಲ್ಲಿ ಅರ್ಧ ಪುಟ ಖಾಲಿ ಬಿಟ್ಟಿದ್ದೇನೆ. ನೀವೇ ಬರೆದು, ಸಹಿ ಮಾಡಿ ಕಳಿಸಿ. ಹತ್ತೊಂಬತ್ತರವರೆಗೆ ಕಾಯುತ್ತೇನೆ, ಆಮೇಲೆ ನಾನೇ ತುಂಬುತ್ತೇನೆ. ಮೂವತ್ತೊಂದಕ್ಕೆ ಉದ್ದಣ್ಣನ ನಿವೃತ್ತಿ. ಫಿಟ್ಟರ್ ಆಗಿಯೇ ಮನೆಗೆ ಹೋಗಲಿ.