ರಾಜಧಾನಿಯವನ ಮಾತು

ಡಿಸೆಂಬರ್ ೧೧, ಗುರುವಾರ. ಪ್ರತಾಪ ನಗರ.

ನಾನೇಕೆ ಹಾಗೆಂದೆ? ಊಟವೂ ರುಚಿಸಲಿಲ್ಲ.

ಪ್ರತಿ ಡಿಸೆಂಬರಿನಂತೆ ಸರ್ಕಾರವು ಅಧಿವೇಶನಕ್ಕೆಂದು ಮುಂಬಯಿಯಿಂದ ತನ್ನ ಎರಡನೆಯ ರಾಜಧಾನಿಯಾದ ನಮ್ಮ ನಾಗಪುರಕ್ಕೆ ಬಂದಿಳಿದಿದೆ. ಅದರ ಬೆನ್ನಿಗೆ ಅಹವಾಲು ಹೊತ್ತ ಜನರೂ. ಅಕ್ಕಲಕೋಟೆಯ ಕಡೆಯ ಕನ್ನಡ ಶಾಲೆಯ ಶಿಕ್ಷಕಿ ಮಹಾನಂದಾ ನಮ್ಮ ಮನೆಯಲ್ಲಿ ಇಳಿದುಕೊಂಡಿದ್ದಾಳೆ. ನಾಲ್ಕು ತರಗತಿಗಳಿಗೆ ಅವಳೊಬ್ಬಳೇ. ಇನ್ನೊಬ್ಬರನ್ನು ನೇಮಿಸದಿದ್ದರೆ ಜೂನ್‌ನಲ್ಲಿ ಶಾಲೆ ಮುಚ್ಚುತ್ತದೆ.

ಇಂದು ಅವಳ ಸಂಗಡಿಗರೊಡನೆ ನಾನೂ ವಿಧಾನ ಭವನದ ರಸ್ತೆಯ ಮೇಲೆ ಧರಣಿ ಕುಳಿತೆ. ಮೊಣಕಾಲು ಇನ್ನೂ ನೋಯುತ್ತಿದೆ. ಆರಕ್ಷಕರು ತಡೆಗೋಡೆ ದಾಟಲು ಬಿಡಲಿಲ್ಲ. ಸಂಜೆ ಅಧಿಕಾರಿಯೊಬ್ಬರು ಬಂದು ಮನವಿ ಸ್ವೀಕರಿಸಿ, 'ನೋಡೋಣ' ಎಂದು ಮರಾಠಿಯಲ್ಲಿ ಹೇಳಿ ಹೊರಟುಹೋದರು.

"ಮಂತ್ರಿ ಸಾಹೇಬ್ರ ಮಾರಿ ನೋಡಾಕ ಬಂದ್ರ ಅವರ ಗಾಡಿ ಧೂಳ ಸೈತ ಸಿಗಲಿಲ್ಲ ನೋಡ್ರಿ" ಎಂದು ದಾರಿಯಲ್ಲಿ ಮಹಾನಂದಾ ನಕ್ಕಳು. ಮನೆಗೆ ಬಂದ ಮೇಲೆ ನಗಲಿಲ್ಲ.

"ಅಜ್ಜಾರ, ನೀವು ರಾಜಧಾನ್ಯಾಗ ನೌಕರಿ ಮಾಡಿದವ್ರು. ಖರೇ ಹೇಳ್ರಿ, ಕೆಲಸ ಆಗತೈತೇನ್ರಿ?"

ಮೂವತ್ತು ವರ್ಷ ಇಲ್ಲಿನ ಕಚೇರಿಗಳಲ್ಲಿ ಆ 'ನೋಡೋಣ'ವನ್ನು ಕೇಳಿದವನು ನಾನು; ಅದರರ್ಥ 'ಆಗದು' ಎಂದು ಬಲ್ಲೆ. ಆಡಿದ ಮಾತಿಗೆ ತಕ್ಕ ಅರ್ಥವಿರಬೇಕೆಂದು ಊರಿಗೆಲ್ಲ ಬುದ್ಧಿ ಹೇಳುವವನು. ಆದರೂ "ಆಗುತ್ತದೆ, ತಾಯಿ" ಎಂದುಬಿಟ್ಟೆ.

ಅವಳು ಕೂಡಲೇ ಊರಿಗೆ ದೂರವಾಣಿ ಕರೆ ಮಾಡಿದಳು. "ಬರೋಬರ್ ಆಗತೈತಂತ! ಇಲ್ಲಿ ಅಜ್ಜಾರು ಹೇಳ್ಯಾರ. ಹುಡುಗರ ಹೆಸರು ಮರಾಠಿ ಸಾಲಿಗೆ ಹಚ್ಚಬ್ಯಾಡ್ರಿ ಅಂತ ಎಲ್ಲಾರಿಗೂ ಹೇಳು."

ಬೆಳಿಗ್ಗೆ ಅವಳ ರೈಲು. ಅದಕ್ಕೆ ಮೊದಲು ನಿಜವನ್ನು ಹೇಳಲೇಬೇಕು. "ಈಗ್ಲೇ ಎಬ್ಬಿಸ್ಬೇಡಿ ಅಂದ್ರೆ. ಪಾಪ, ಇವತ್ತಾದ್ರೂ ನಿದ್ದೆ ಮಾಡ್ಲಿ" ಎಂದು ಹೆಂಡತಿ ವೇದವತಿ ತಡೆದಳು.

ನಡುಮನೆಯಿಂದ ಮಹಾನಂದಾಳ ಗೊರಕೆ ಕೇಳುತ್ತಿದೆ. ನಾಳೆ ಯಾವ ಮಾತಿನಿಂದ ಆರಂಭಿಸಲಿ? 'ನೋಡಮ್ಮ, ನಿನ್ನೆ ನಾನು ಹೇಳಿದ್ದು' ಎಂದು ತೊಡಗಿದರೆ, ಅವಳು ನನ್ನ ಮುಖವನ್ನೇ ನೋಡುತ್ತಾಳೆ. 'ಆಗುವುದಿಲ್ಲ, ತಾಯಿ' ಎಂಬುದರಿಂದಲೇ ಆರಂಭಿಸುತ್ತೇನೆ.